ಹಾಳೂರಿನ ನಡು

ಧಪ್, ಧಪ್, ಒಂದು ಉಸಿರು ತಡೆದು ಮತ್ತೆ ಧಪ್. ಅಳವಂಡಿ ಕಡೆಯ ಆ ಸಣ್ಣ ಊರಿಗೆ ಬೆಳಗಾಗುತ್ತಿದ್ದದ್ದು ಒನಕೆಯ ಸದ್ದಿನಿಂದ. ಪಡಸಾಲೆಯ ನೆಲದಲ್ಲಿ ಹೂತ ಒಳಕಲ್ಲು ಪ್ರತಿ ಮನೆಯಲ್ಲೂ ಇತ್ತು, ಪ್ರತಿಯೊಂದಕ್ಕೂ ಬೇರೆ ದನಿ ಇತ್ತು. ಇದು ಕುಂಬಾರರ ಮನೆಯದು, ಇದು ಕೊಟ್ರಬಸಪ್ಪನ ಮನೆಯದು ಎಂದು ಮಕ್ಕಳು ಹಾಸಿಗೆಯಲ್ಲಿ ಮಲಗಿಯೇ ಗುರುತು ಹಿಡಿಯುತ್ತಿದ್ದರು. ಪಕ್ಕೀರಪ್ಪ ಮಾಸ್ತರರ ಮನೆಯಿಂದ ಮಾತ್ರ ಸದ್ದು ಬರುತ್ತಿರಲಿಲ್ಲ. ಆ ಮನೆಯಲ್ಲಿ ಒಳಕಲ್ಲು ಇರಲಿಲ್ಲ.

ಇರಲಿಲ್ಲ ಎಂದರೆ ಮಾಸ್ತರರ ತಾಯಿ ಮುದುಕಮ್ಮ ಒಪ್ಪುತ್ತಿರಲಿಲ್ಲ.

"ನಮ್ಮದು ಐತಿ," ಎನ್ನುತ್ತಿದ್ದಳು. "ಎಲ್ಲೈತಿ ಅಂತ ಗೊತ್ತಿಲ್ಲ, ಅಷ್ಟ. ಒಂದು ಮನಿಗೆ ಎರಡು ಒಳಕಲ್ಲು ಇಡಬಾರದು."

ಹಾಗಾಗಿ ಖಾರ ಕುಟ್ಟುವುದಿದ್ದರೂ ಅವಳ ಮೊಮ್ಮಗಳು ಗುರುಲಿಂಗಮ್ಮ ಬುಟ್ಟಿ ಹೊತ್ತು ಪಕ್ಕದ ಮನೆಗೆ ಹೋಗಬೇಕಿತ್ತು. ಮುವ್ವತ್ತು ವರ್ಷಗಳ ಹಿಂದೆ, ಪ್ಲೇಗು ಬಂದ ವರ್ಷ, ಇಡೀ ಊರು ತನ್ನ ಹಳೆಯ ಜಾಗ ಬಿಟ್ಟು ಈಗಿನ ಜಾಗಕ್ಕೆ ಬಂದಿತ್ತು. ಬಿಟ್ಟು ಬಂದ ಊರಿಗೆ ಹಾಳೂರು ಎಂದು ಹೆಸರಾಯಿತು. ಬೇನೆ ತಣ್ಣಗಾದ ಮೇಲೆ ಜನ ಬಂಡಿ ಕಟ್ಟಿಕೊಂಡು ಹೋಗಿ ತಮ್ಮ ತೊಲೆ, ಬಾಗಿಲು, ಒಳಕಲ್ಲುಗಳನ್ನು ಕಿತ್ತು ತಂದರು. ಮುದುಕಮ್ಮನ ಗಂಡ ಆಗ ಹಾಸಿಗೆ ಹಿಡಿದಿದ್ದ. ಅವನು ಎದ್ದು ಓಡಾಡುವಷ್ಟರಲ್ಲಿ ಗೋಡೆಗಳು ಮಳೆಗೆ ಕರಗಿ, ಆ ಜಾಗವನ್ನು ಕೊಟ್ರಬಸಪ್ಪನ ಅಪ್ಪ ಉತ್ತು ಹೊಲ ಮಾಡಿದ್ದ. ಒಳಕಲ್ಲು ಮಣ್ಣಿನಡಿ ಉಳಿಯಿತು.

ಅದೊಂದು ಕಲ್ಲು ಎಂದು ಬಿಡಬಹುದಿತ್ತು. ಆದರೆ ಆ ಮನೆತನದ ಪದ್ಧತಿಯಲ್ಲಿ ಮದುವೆಯ ಮೊದಲ ಅರಿಷಿಣವನ್ನು ಮನೆಯ ಒಳಕಲ್ಲಿನಲ್ಲೇ ಕುಟ್ಟಬೇಕು. ಮುದುಕಮ್ಮನ ಹಿರಿಯ ಮಗಳು ಕಳಕಮ್ಮನ ಮದುವೆಯಲ್ಲಿ ಬೇರೆಯವರ ಒಳಕಲ್ಲಿನಲ್ಲಿ ಕುಟ್ಟಿದರು. ಕಳಕಮ್ಮ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಅಂದು ಹುಟ್ಟಿದ ಕೂಸೇ ಗುರುಲಿಂಗಮ್ಮ. ಮುದುಕಮ್ಮ ಇದನ್ನೂ ಅದನ್ನೂ ಬಾಯಿಬಿಟ್ಟು ಎಂದೂ ಜೋಡಿಸಿ ಹೇಳಲಿಲ್ಲ. ಆದರೆ ಗುರುಲಿಂಗಮ್ಮನಿಗೆ ಕುಷ್ಟಗಿಯ ಒಂದು ಮನೆ ಕೂಡಿ ಬಂದು, ಫಾಲ್ಗುಣಕ್ಕೆ ಮುಹೂರ್ತ ಇಟ್ಟ ಸಂಜೆ, ಎಲೆ ಅಡಿಕೆಯ ತಾಟು ಒಳಗಿಟ್ಟು ಬಂದು ಕಂಬಕ್ಕೆ ಒರಗಿ ಕೂತು ಅಂದಳು:

"ಅರಿಷಿಣ ಮಂದಿ ಕಲ್ಲಾಗ ಕುಟ್ಟಸಂಗಿಲ್ಲ. ನಮ್ಮದು ಸಿಗೂ ತನಕ ಮದಿವಿ ತಡೀಲಿ."

"ಅವ್ವಾ, ಕುಷ್ಟಗಿಯವ್ರು ತಡಿಯೂ ಮಂದಿ ಅಲ್ಲ," ಎಂದರು ಮಾಸ್ತರರು.

"ತಡೀದಿದ್ರ ಹೋಗ್ಲಿ. ಒಬ್ಬಾಕಿನ್ನ ಕಳಸಿ ನೋಡೀನಿ ನಾನು."

ಗುರುಲಿಂಗಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಟ್ಟತೊಡಗಿದಳು.

ಮಾಸ್ತರರಿಗೆ ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ, ಮೊದಲು ಹುಡುಗಿಯದಾಗಲಿ ಎನ್ನುತ್ತಿದ್ದರು. ಬಡಕಲು ಮೈ, ಬಲಗಣ್ಣಿನಲ್ಲಿ ಯಾವಾಗಲೂ ತುಸು ನೀರು. ಆ ನೀರು ಹೈದರಾಬಾದಿನ ಕೆಲಸದ ಗುರುತು. ಕೊಪ್ಪಳದಲ್ಲಿ ಉರ್ದು ಸಾಲಿ ಓದಿ ಮುಗಿಸಿ, ಯಾರದೋ ಶಿಫಾರಸಿನಿಂದ ಅವರು ಅಲ್ಲಿನ ವೇಧಶಾಲೆಯೊಂದರಲ್ಲಿ ಸೇರಿದ್ದರು. ದೂರದರ್ಶಕದ ಹತ್ತಿರ ಅವರನ್ನು ಬಿಡುತ್ತಿದ್ದದ್ದು ಕಡಿಮೆ. ಅವರ ಕೆಲಸವೆಲ್ಲ ಹಗಲಿನದು, ಕಿಟಕಿಯ ಪಕ್ಕದ ಮೇಜಿನದು. ಆಕಾಶದ ಫೋಟೋ ಹಿಡಿದ ಗಾಜಿನ ಹಲಗೆಗಳು ಅಲ್ಲಿ ಬರುತ್ತಿದ್ದವು. ಆ ಗಾಜಿನಲ್ಲಿ ಎಲ್ಲ ತಿರುವುಮುರುವು, ಆಕಾಶ ತಿಳಿ, ನಕ್ಷತ್ರ ಕಪ್ಪು. ಮೇಲೆ ಸಣ್ಣ ಚೌಕಳಿ ಗೆರೆ. ಒಂದೊಂದು ಕಪ್ಪು ಚುಕ್ಕೆ ಯಾವ ಚೌಕದಲ್ಲಿ, ಗೆರೆಯಿಂದ ಎಷ್ಟು ದೂರ ಎಂದು ಭೂತಗನ್ನಡಿಯಲ್ಲಿ ಅಳೆದು ಬರೆಯಬೇಕು. ಹಾಗೆ ಅವರು ವರ್ಷಗಟ್ಟಲೆ ಚುಕ್ಕೆ ಅಳೆದರು.

ಕೆಲವು ಗಾಜುಗಳಲ್ಲಿ ಒಂದು ಕಡೆ ಮಸಿ ಉಂಡೆಯಂಥದು ಇರುತ್ತಿತ್ತು. ಅಂಚಿನಲ್ಲಿ ಬಿಡಿಬಿಡಿ ಚುಕ್ಕೆ, ಒಳಗೆ ಹೋದಷ್ಟೂ ಒತ್ತಾಗಿ, ನಡುವಿನಲ್ಲಿ ಒಂದಕ್ಕೊಂದು ಅಂಟಿ ಬರೀ ಕಪ್ಪು. ಮೊದಲ ಸಲ ಕಂಡಾಗ ಅವರು ಗಾಜು ಕೊಳೆಯಾಗಿದೆ ಎಂದು ಒರೆಸಲು ಹೋದರು. ಪಕ್ಕದ ಮೇಜಿನ ಅಬ್ದುಲಸಾಬ ಕೈ ಹಿಡಿದ. ಅವನು ಗಂಗಾವತಿ ಸೀಮೆಯ ಮರಳಿಯವನು, ಅಲ್ಲಿ ಮೊದಲೇ ಬಂದು ಸೇರಿದ್ದ ಹಿರಿಯ.

"ಅರೆ, ಒರಸಬ್ಯಾಡೋ ತಮ್ಮಾ. ಅದು ಕೊಳಿ ಅಲ್ಲ. ಚುಕ್ಕಿಗೋಳ ಹಿಂಡು."

"ಇದನ್ನ ಹೆಂಗ ಅಳೀಬೇಕ್ರಿ?"

"ಜೇನು ಹುಟ್ಟಿನ್ಯಾಗ ಹುಳ ಎಣಸಿದಂಗ ಆಕ್ಕೈತಿ. ಅಂಚಿನವ್ನ ಅಳಿ, ನಡುವಿನ್ದು ಆಗಂಗಿಲ್ಲ ಅಂತ ಬರಿ. ನಾನೂ ಹಂಗ ಬರದೀನಿ, ನನ್ನ ಮೊದಲಿನವ್ರೂ ಹಂಗ ಬರದಾರ."

ಅವಕ್ಕೆ ಗೋಳಗುಚ್ಛ ಎನ್ನುತ್ತಾರೆ, ಲಕ್ಷಗಟ್ಟಲೆ ನಕ್ಷತ್ರಗಳು ಉಂಡೆ ಕಟ್ಟಿಕೊಂಡ ಗುಂಪು. ಮಾಸ್ತರರಿಗೆ ಅವುಗಳ ಮೇಲೆ ಮಮತೆ ಹುಟ್ಟಿತು. ಗಾಜು ಕೈಗೆ ಬಂದಾಗ ಮೊದಲು ಅವನ್ನೇ ಹುಡುಕುವರು. ಹೀಗೆ ಹುಡುಕುತ್ತ ಒಂದು ಸಂಗತಿ ಅವರ ಮನಸ್ಸಿಗೆ ಬಂತು. ಚೇಳಿನ ಆಕಾರದ ನಕ್ಷತ್ರಗಳ ಬಾಲದಿಂದ ಆಚೆ, ಮೂಲಾ ಪೂರ್ವಾಷಾಢಾ ಕಡೆಯ ಗಾಜುಗಳಲ್ಲಿ ಈ ಉಂಡೆಗಳು ಮೇಲಿಂದ ಮೇಲೆ ಸಿಗುತ್ತಿದ್ದವು. ಎದುರು ದಿಕ್ಕಿನ, ಮೃಗಶಿರದ ಕಡೆಯ ಗಾಜುಗಳಲ್ಲಿ ಹುಡುಕಿ ಹುಡುಕಿ ಕಣ್ಣು ನೋಯುತ್ತಿತ್ತು, ಸಿಗುತ್ತಿರಲಿಲ್ಲ.

"ಒಂದ ಕಡೆ ಯಾಕ ಕೂಡ್ಯಾವ್ರಿ ಇವು?" ಎಂದು ಒಂದು ದಿನ ಚಹಾ ಕುಡಿಯುವಾಗ ಕೇಳಿದರು.

"ಅಮೆರಿಕಾದಾಗ ಒಬ್ಬಾವ ಹಿಂಗ ಕೇಳಿದನಂತ," ಎಂದ ಅಬ್ದುಲಸಾಬ. "ಆ ಹಿಂಡಿನ್ಯಾಗ ಉಬ್ಬಿ ಇಳಿಯೂ ಚುಕ್ಕಿ ಇರ್ತಾವಲ್ಲ, ಅವುಗಳ ಬೆಳಕು ಹಿಡಿದು ದೂರ ಲೆಕ್ಕ ಹಾಕಿದ. ಹಾಕಿ ನೋಡಿದ್ರ ಹಿಂಡುಗೋಳದು ಏನೂ ತಪ್ಪಿಲ್ಲ. ಅವು ಪಾಪ ನಡುವಿನ ಸುತ್ತ ಸರಿಯಾಗಿ ಕುಂತಾವ. ನಾವು ಅಂಚಿನ್ಯಾಗ ಕುಂತು, ಇದ ನಡು ಅಂತಿದ್ವಿ."

"ಅಂದ್ರ ನಮ್ಮ ಸೂರ್ಯ?"

"ಕೊಪ್ಪಳ ಅಂತ ತಿಳಿ. ನಡು ಹೈದ್ರಾಬಾದ."

"ಇದನ್ನ ಇಲ್ಲಿಯವ್ರ ಮುಂದ ಹೇಳಬ್ಯಾಡ್ರಿ. ಮೊದಲ ಅವ್ರಿಗೆ ಭಾಳ ಜಂಬ ಐತಿ," ಎಂದರು ಮಾಸ್ತರರು. ಅಬ್ದುಲಸಾಬ ನಕ್ಕು ಬಸಿಯಲ್ಲಿ ಚಹಾ ಚೆಲ್ಲಿಕೊಂಡ.

ಈಗ ತಿಳಿದವರು ಇನ್ನೂ ಮುಂದಿನದನ್ನು ಹೇಳುತ್ತಾರೆ. ಒಂದೊಂದು ಗುಚ್ಛದ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದಂಥವು. ಬೇಗ ಉರಿಯುವ ನೀಲಿಯವು ಎಂದೋ ಸತ್ತು, ಕೆಂಪಗಾದ ಮುದಿ ನಕ್ಷತ್ರಗಳು ಉಳಿದಿವೆ. ಆಕಾಶಗಂಗೆ ಈಗಿನಂತೆ ಚಪ್ಪಟೆ ತಟ್ಟೆಯಾಗಿ ಹೊಸ ನಕ್ಷತ್ರ ಹಡೆಯುವ ಮೊದಲೇ ಅವು ಇದ್ದವು. ಕೆಲವಂತೂ ಇಲ್ಲಿ ಹುಟ್ಟಿದವೇ ಅಲ್ಲ, ಸಣ್ಣ ಗ್ಯಾಲಕ್ಸಿಗಳು ನಮ್ಮದರಲ್ಲಿ ಬಂದು ಕೂಡಿದಾಗ, ಸೊಸೆಯಂದಿರ ಹಾಗೆ ಬೇರೆ ಮನೆಯ ಗುರುತು ಹೊತ್ತು ಬಂದವು. ಮಾಸ್ತರರಿಗೆ ಇದೆಲ್ಲ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ, ಬಲಗಣ್ಣು ಗಾಜಿನ ಗೆರೆ ಹಿಡಿಯದಾಯಿತು. ಅವರು ಊರಿಗೆ ಮರಳಿ ಸಾಲಿಯಲ್ಲಿ ಕೂತರು. ಅವರ ಬಳಿ ಉಳಿದದ್ದು ಅಂಚು, ನಡು ಎಂಬ ಆ ಒಂದು ಮಾತು.

ಮುಹೂರ್ತ ಇಟ್ಟ ಮೇಲೆ ಒಳಕಲ್ಲಿನ ಹುಡುಕಾಟ ಸುರುವಾಯಿತು. ಮುದುಕಮ್ಮನಿಗೆ ನೆನಪಿದ್ದ ಗುರುತು ಒಂದೇ. ಊರ ನಡುವೆ ಹನುಮಪ್ಪನ ಮುಂದೆ ಕಟ್ಟೆ. ಕಟ್ಟೆಯಿಂದ ಹೊತ್ತು ಮುಳುಗುವ ದಿಕ್ಕಿಗೆ ತಮ್ಮ ಮನೆ. ದೂರ ಎಷ್ಟು ಎಂದರೆ, "ಒಂದು ಚರಿಗಿ ಹಾಲು ಒಲಿ ಮ್ಯಾಲೆ ಇಟ್ಟು, ಕಟ್ಟಿಗೆ ಹೋಗಿ ನಿಮ್ಮಪ್ಪನ್ನ ಕರದು ಬರೂದರಾಗ ಉಕ್ಕತಿತ್ತು."

ಹಾಳೂರಿನಲ್ಲಿ ನಿಂತಿದ್ದದ್ದು ಹನುಮಪ್ಪನ ಗುಡಿ ಒಂದೇ. ಕಟ್ಟೆಯ ಕಲ್ಲುಗಳನ್ನೂ ಹೊಸ ಊರಿಗೆ ಹೇರಿದ್ದರು. ಮಾಸ್ತರರು ಗುಡಿಯ ಪಡುವಣಕ್ಕೆ ಹಾರೆ ಹಿಡಿದು ಅಗೆದರು, ಕೊಟ್ರಬಸಪ್ಪನ ಆಳು ಅಗೆದ, ಸಾಲಿ ಬಿಟ್ಟ ಮೇಲೆ ಊರಿನ ಇಬ್ಬರು ಮೂವರು ಕೂಡಿಕೊಂಡರು. ಬರೀ ಮೊರಮು ಬಂತು, ಒಂದು ಮಡಕೆ ಚೂರೂ ಇಲ್ಲ.

"ಮಾಸ್ತರ್ರ, ನನ್ನ ಹೊಲದಾಗ ಇಲಿ ಬಿಲ ಎಷ್ಟದಾವ ಅಂತ ಈಗ ಗೊತ್ತಾತು ನೋಡ್ರಿ," ಎಂದ ಕೊಟ್ರಬಸಪ್ಪ. "ಒಳಕಲ್ಲು ಬಿಟ್ಟು ಎಲ್ಲಾ ಸಿಕ್ಕೈತಿ."

ಕುಷ್ಟಗಿಯಿಂದ ಒಬ್ಬರು ಬಂದು ಬೆಲ್ಲದ ಹಾಲು ಕುಡಿದು, ಫಾಲ್ಗುಣ ದಾಟಿದರೆ ನಮಗೆ ಬೇರೆ ಕಡೆಯದೂ ನೋಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿ ಹೋದರು. ಅವತ್ತು ಗುರುಲಿಂಗಮ್ಮ ಬಾವಿಯಿಂದ ಬರುವುದು ತಡವಾಯಿತು. ಬಂದಾಗ ಮುಖ ತೊಳೆದುಕೊಂಡಿದ್ದಳು. ಮಾಸ್ತರರು ಅವಳ ಮುಖ ನೋಡಿ, ಕೊಡ ಇಳಿಸಿಕೊಂಡರು.

ಮಾಘದ ಒಂದು ನಸುಕಿನಲ್ಲಿ ಅವರು ಹಾಳೂರಿನ ಪಡುವಣದ ಎತ್ತರದ ಮಡ್ಡಿಯನ್ನು ಹತ್ತಿ ಕೂತರು. ನಿದ್ದೆ ಬಾರದಿದ್ದಾಗ ಅಲ್ಲಿ ಹೋಗಿ ಕೂಡುವುದು ಅವರ ರೂಢಿ. ದಕ್ಷಿಣಕ್ಕೆ, ನೆಲದಿಂದ ತುಸು ಮೇಲೆ, ಒಂದು ನಕ್ಷತ್ರ ಮಾತ್ರ ಉಸಿರು ಹಾಕಿದ ಕನ್ನಡಿಯಲ್ಲಿ ಕಂಡಂತೆ ಮಬ್ಬಾಗಿತ್ತು. ಅದು ನಕ್ಷತ್ರವಲ್ಲ, ಬರಿಗಣ್ಣಿಗೆ ಕಾಣುವ ಗೋಳಗುಚ್ಛ. ಅದನ್ನು ನೋಡಿದಾಗಲೆಲ್ಲ ಅವರಿಗೆ ಕಿಟಕಿಯ ಪಕ್ಕದ ಮೇಜು ನೆನಪಾಗುತ್ತಿತ್ತು. ಮೂಡಣ ದಕ್ಷಿಣದ ಮೂಲೆಯಲ್ಲಿ ಚೇಳಿನ ಬಾಲ ಎದ್ದಿತ್ತು. ಅದರ ಎಡಕ್ಕೆ ಉಂಡೆಗಳೆಲ್ಲ ಕೂಡಿಕೊಂಡ ಆ ಜಾಗ, ಅದರ ಆಳದಲ್ಲಿ ಎಲ್ಲೋ ಆಕಾಶಗಂಗೆಯ ನಡು. ಕೆಳಗೆ ಹಾಳೂರಿನ ಎರೆ ಹೊಲ ಕತ್ತಲಲ್ಲಿತ್ತು.

ಬೆಳಕು ಬಂತು. ನಕ್ಷತ್ರಗಳು ಹೋದವು. ಹೊಲದಲ್ಲಿ ಜೋಳ ಕೊಯ್ಲಿಗೆ ಬಂದು ನಿಂತಿತ್ತು, ದಂಟು ಎಲ್ಲ ಒಣಗಿ ಮಾಸಲು ಹಳದಿ. ಬಿಸಿಲು ಅಡ್ಡ ಬಿದ್ದಾಗ ಆ ಒಣ ಬಣ್ಣದ ನಡುನಡುವೆ ಮಾಸ್ತರರಿಗೆ ಹಸುರು ಮಚ್ಚೆಗಳು ಕಂಡವು. ದುಂಡಗೆ, ಒಳಗೆ ದಟ್ಟ, ಅಂಚಿಗೆ ತೆಳು. ಅವರು ಎದ್ದು ನಿಂತರು.

ಅವು ಹಗೇವುಗಳು. ಹಳೆಯ ಊರಿನವರು ಮನೆಯ ಮುಂದೆ ಕಾಳು ತುಂಬಿಡಲು ತೋಡಿದ್ದ ಆಳದ ಕುಣಿಗಳು. ಊರು ಬಿಟ್ಟ ಮೇಲೆ ಮೆತ್ತನೆಯ ಮಣ್ಣು ತುಂಬಿ ಅವು ಮುಚ್ಚಿಹೋಗಿದ್ದವು. ಆ ಆಳದ ಮಣ್ಣು ತೇವ ಹಿಡಿಯುತ್ತದೆ, ಅದರ ಮೇಲಿನ ಜೋಳ ತಡವಾಗಿ ಒಣಗುತ್ತದೆ. ಹೊಲದವರು ತಮ್ಮ ತಮ್ಮ ಹೊಲದಲ್ಲಿ ಒಂದೊಂದು ಹಸುರನ್ನು ಕಂಡೇ ಇದ್ದರು. ಇಲ್ಲಿಂದ ನೋಡಿದರೆ ಮಾತ್ರ ಎಲ್ಲವೂ ಒಟ್ಟಿಗೆ ಕಾಣುತ್ತಿದ್ದವು.

ಅವು ಹನುಮಪ್ಪನ ಗುಡಿಯ ಸುತ್ತ ಇರಲಿಲ್ಲ. ಗುಡಿ ಬಡಗಣ ತುದಿಯಲ್ಲಿ ಒಂಟಿಯಾಗಿತ್ತು. ಮಚ್ಚೆಗಳೆಲ್ಲ ಅಲ್ಲಿಂದ ಕೆಳಗೆ, ಹಳ್ಳದ ಕಡೆಗೆ ಹಬ್ಬಿ, ಒಂದು ಬಯಲನ್ನು ನಡುವೆ ಇಟ್ಟುಕೊಂಡು ಕೂತಿದ್ದವು.

ಮಾಸ್ತರರು ಸಾಲಿಗೆ ರಜೆ ಕೊಟ್ಟರು. ಗುರುಲಿಂಗಮ್ಮನೂ ಅವರೂ ಎರಡು ಕಡೆ ಕೈ ಹಿಡಿದು ಮುದುಕಮ್ಮನನ್ನು ಮಡ್ಡಿಗೆ ಹತ್ತಿಸಿದರು. ಹತ್ತುವವರೆಗೆ ಅವಳು ಬೈಯುತ್ತಲೇ ಇದ್ದಳು.

"ಅವ್ವಾ, ಹಸರು ಕಾಣತೈತೇನು?"

"ಕಾಣತೈತಿ. ದೂರದ್ದು ಛಲೋ ಕಾಣತೈತಿ ನನಗ. ಹತ್ರದ್ದು, ನಿನ್ನ ಮಾರಿ ಕಾಣಂಗಿಲ್ಲ, ಅಷ್ಟ."

"ಅವೆಲ್ಲ ಹಗೇವು. ಊರು ಅಲ್ಲೈತಿ. ಹನುಮಪ್ಪ ಅಂಚಿನ್ಯಾಗ ಅದಾನ, ನೋಡು. ಕಟ್ಟಿ ಹನುಮಪ್ಪನ ಮುಂದ ಇದ್ದಿಲ್ಲ. ಹೊಸ ಊರಾಗ ಹನುಮಪ್ಪನ ಮುಂದ ಕಟ್ಟಿ ಕಟ್ಟ್ಯಾರ, ದಿನಾ ಅದನ್ನ ನೋಡಿ ನೋಡಿ ಹಳೇದೂ ಹಂಗ ಇತ್ತು ಅಂತ ಎಲ್ಲಾರೂ ತಿಳಕೊಂಡೀವಿ."

ಮುದುಕಮ್ಮ ಸೆರಗಿನಿಂದ ಕಣ್ಣಿಗೆ ನೆರಳು ಮಾಡಿಕೊಂಡು ನಿಂತಳು. ಆಮೇಲೆ ಅವಳ ದನಿ ಬೇರೆಯಾಗಿತ್ತು.

"ಹೌದಪಾ. ಊರ ಬಾಗಲಾಗ, ಅಗಸ್ಯಾಗ ಇದ್ದ ಹನುಮಪ್ಪ. ಮದಿವಿ ಮಾಡಿಕೊಂಡು ಕರಕೊಂಡು ಬಂದಾಗ ಬಂಡಿ ಅಲ್ಲೇ ನಿಂತಿತ್ತು. ಅವನ ಮುಂದ ಕಾಯಿ ಒಡದು, ಅಗಸಿ ದಾಟಿ, ಆಮ್ಯಾಲೆ ಒಳಗ ನಡದ್ವಿ. ಭಾಳ ನಡದ್ವಿ. ಕಾಲಾಗ ಹೊಸಾ ಕಾಲುಂಗರ, ಚುಚ್ಚತಿದ್ವು." ಒಂದು ಉಸಿರು ಬಿಟ್ಟಳು. "ಇದನ್ನ ಹೆಂಗ ಮರತೆ ನಾನು?"

"ಮರತಿಲ್ಲ ಆಯಿ, ಹೇಳಿದೆಲ್ಲ ಈಗ," ಎಂದಳು ಗುರುಲಿಂಗಮ್ಮ.

ಕೊಯ್ಲಾದರೆ ಹಸುರು ಹೋಗುತ್ತದೆ. ಅದಕ್ಕೆ ಮುಂಚೆ ಗುರುಲಿಂಗಮ್ಮ ಹಳೆಯ ಸೀರೆ ಹರಿದು, ಮಚ್ಚೆ ಮಚ್ಚೆಗೂ ಗೂಟ ನೆಟ್ಟು ಚಿಂದಿ ಕಟ್ಟಿಬಂದಳು. ಕೊಟ್ರಬಸಪ್ಪ ಮೊದಲು ತಲೆ ಕೆರೆದುಕೊಂಡ. ಮುದುಕಮ್ಮ ಬಂದು ನಿಂತದ್ದನ್ನು ಕಂಡು, ಆ ಹೊಲವನ್ನೇ ಮೊದಲು ಕೊಯ್ಯಿಸಿದ. ಜೋಳ ಹೋದ ಬಯಲಿನಲ್ಲಿ ಮಾಸ್ತರರು ಚಿಂದಿಗಳ ನಡುವನ್ನು ಹಿಡಿದು ಒಂದು ಕಲ್ಲು ಇಟ್ಟರು.

"ಕಟ್ಟಿ ಇಲ್ಲಿ. ಇನ್ನ ಹಾಲು ಉಕ್ಕೂ ದೂರ ಅಳೀಬೇಕು."

"ಅದನ್ನ ಎದರಾಗ ಅಳೀತೀರಿ?" ಎಂದು ಕೊಟ್ರಬಸಪ್ಪ ಕೇಳಿದ.

"ಹಾಲಿನ್ಯಾಗ," ಎಂದಳು ಮುದುಕಮ್ಮ.

ಮೂರು ಕಲ್ಲು ಇಟ್ಟು ದಂಟಿನ ಬೆಂಕಿ ಹೊತ್ತಿಸಿದರು. ಮುದುಕಮ್ಮ ಹಳೆಯ ಅದೇ ಚರಿಗೆಯಲ್ಲಿ ಹಾಲು ಇಟ್ಟು ನಡೆಯಲು ಹೊರಟಳು.

"ಯಮ್ಮಾ, ಆವಾಗಿನ್ವು ಹರೇದ ಕಾಲು," ಎಂದ ಕೊಟ್ರಬಸಪ್ಪ. "ಈಗ ನಡದ್ರ ನಿಮ್ಮ ಮನಿ ಇಲ್ಲೇ ಕಟ್ಟಿ ಮ್ಯಾಲೆ ಬರತೈತಿ."

ಮುದುಕಮ್ಮ ಅವನನ್ನು ಒಮ್ಮೆ ನೋಡಿದಳು. ಮಾತು ಖರೆ ಇತ್ತು. ಮೊಮ್ಮಗಳ ಕಡೆ ತಿರುಗಿ, "ನಾನು ಆವಾಗ ನಿನ್ನಷ್ಟ ಇದ್ದೆ. ನೀ ನಡಿ," ಎಂದಳು. "ಓಡಬ್ಯಾಡ. ಗಂಡನ್ನ ಕರಿಯಾಕ ಹೊಂಟಾಕಿ ಹೆಂಗ ನಡೀತಾಳ, ಹಂಗ ನಡಿ."

ಸುತ್ತಲಿನ ಹೆಂಗಸರು ನಕ್ಕರು. ಗುರುಲಿಂಗಮ್ಮ ತಲೆ ಬಗ್ಗಿಸಿ ನಕ್ಕಳು. ಹಾಲು ಉಕ್ಕುವವರೆಗೆ ನಡೆ, ಅದು ಹೋಗಿ ಬರುವ ಎರಡೂ ಹಾದಿ, ಅದರ ಅರ್ಧಕ್ಕೆ ಮನೆ ಎಂದು ಮಾಸ್ತರರು ಹೇಳಿದರು. ಅವಳು ಹೊತ್ತು ಮುಳುಗುವ ದಿಕ್ಕಿಗೆ ಮುಖ ಮಾಡಿ ಹೊರಟಳು. ಕೊಯ್ದ ಕೂಳೆಯ ನಡುವೆ ಅವಳ ಹಸುರು ಸೀರೆ ಸಣ್ಣದಾಗುತ್ತ ಹೋಯಿತು. ಮುದುಕಮ್ಮ ಹಾಲನ್ನು ನೋಡುತ್ತಿರಲಿಲ್ಲ, ಮೊಮ್ಮಗಳ ಬೆನ್ನನ್ನು ನೋಡುತ್ತಿದ್ದಳು. ಹಾಲು ಉಕ್ಕಿ ಬೆಂಕಿಗೆ ಬಿದ್ದ ಸದ್ದಿಗೆ ಮಾಸ್ತರರು ಟವೆಲು ಬೀಸಿದರು, ಅವಳು ನಿಂತಳು.

ಅರ್ಧದ ಹತ್ತಿರ ಅಗೆದಾಗ ಮೊದಲು ಬೂದಿ ಬಂತು, ಆಮೇಲೆ ಮಡಕೆ ಚೂರು, ಬಳೆ ಚೂರು. ಅಂದು ಸಂಜೆಯವರೆಗೂ ಕಲ್ಲು ಬರಲಿಲ್ಲ. ಮರುದಿನ ತುಸು ಬಡಗಣಕ್ಕೆ ಸರಿದು ಅಗೆಯುವಾಗ ಹಾರೆ ಠಣ್ ಎಂದಿತು. ಮಾಸ್ತರರು ಕೈಯಿಂದಲೇ ಮಣ್ಣು ತೋಡಿದರು. ದುಂಡನೆಯ ಬಾಯಿ ಕಂಡಿತು. ಮುದುಕಮ್ಮ ಕೂತು, ಒಳಗೆ ಕೈ ಇಳಿಸಿ, ತಳದಲ್ಲಿ ಒಂದು ಕಡೆ ಬೆರಳಾಡಿಸಿದಳು. ಅಲ್ಲಿ ಸಣ್ಣ ತಗ್ಗು ಇತ್ತು.

"ನಮ್ಮತ್ತಿ ಒನಕಿ ಇಲ್ಲೇ ಬೀಳತಿತ್ತು. ಆಕಿ ಕೈ ಎಡಕ್ಕ ಎಳೀತಿತ್ತು."

ಕಲ್ಲಿನ ಅಂಚಿನಿಂದ ಕೆಳಗಿನವರೆಗೆ ಒಂದು ಸೀಳು ಇತ್ತು. ಕೊಟ್ರಬಸಪ್ಪ ಸುತ್ತ ನೋಡಿ, ಮೀಟಿದರೆ ಎರಡಾಗುತ್ತದೆ ಎಂದ. ಮಣ್ಣು ಹಿಡಿದುಕೊಂಡಿದೆ, ಅದಕ್ಕೇ ನಿಂತಿದೆ. ಎಲ್ಲರೂ ಮುದುಕಮ್ಮನ ಬಾಯಿ ನೋಡಿದರು. ಗುರುಲಿಂಗಮ್ಮ ನೋಡಲಿಲ್ಲ, ಅವಳು ನೆಲ ನೋಡುತ್ತಿದ್ದಳು.

"ಅದು ಬರಂಗಿಲ್ಲ ಅಂದ್ರ ನಾವ ಬರೂಣು," ಎಂದಳು ಮುದುಕಮ್ಮ. "ಅರಿಷಿಣ ಇಲ್ಲೇ ಕುಟ್ಟೂಣು. ಕುಷ್ಟಗಿಗೆ ಹೇಳಿ ಕಳಸು."

ಹಾಗೆ ಫಾಲ್ಗುಣದ ಒಂದು ಮುಂಜಾವು, ಮುವ್ವತ್ತು ವರ್ಷ ಸದ್ದಿಲ್ಲದ ಆ ಬಯಲಿನಲ್ಲಿ ಒನಕೆ ಎದ್ದು ಬಿತ್ತು. ದನಿ ಸೀಳಿತ್ತು, ಆದರೆ ಅದು ಆ ಮನೆಯದೇ ದನಿ. ಮುತ್ತೈದೆಯರು ಸರದಿಯಂತೆ ಕುಟ್ಟಿದರು, ಹಳದಿ ಪುಡಿ ಎರೆ ಮಣ್ಣಿನ ಮೇಲೆ ಹಾರಿತು. ಮುದುಕಮ್ಮ ಚಿಟಿಕೆ ತೆಗೆದು ಮೊಮ್ಮಗಳ ಗಲ್ಲಕ್ಕೆ ಹಚ್ಚಿದಳು. ಹಚ್ಚಿದ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು.

ಮಾಸ್ತರರು ಆಚೆ ಒಂದು ಗೂಟದ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಇವತ್ತು ಎರಡೂ ಕಣ್ಣು. ಗುರುಲಿಂಗಮ್ಮ ಅವರ ಹತ್ತಿರ ಬಂದಳು.

"ಮಾಮಾ, ಊರ ನಡು ಹನುಮಪ್ಪನ ಕಡೆ ಇಲ್ಲ, ಇಲ್ಲೈತಿ ಅಂತ ನಿಮಗ ಹೆಂಗ ಹೊಳೀತು?"

"ಹೈದ್ರಾಬಾದಿನ್ಯಾಗ ಒಬ್ಬಾವ ಚಹಾ ಚೆಲ್ಲಿಕೊಂಡು ಹೇಳಿದ್ದ," ಎಂದರು ಮಾಸ್ತರರು. "ಆ ಚುಕ್ಕಿ ಹಿಂಡು ಕುಷ್ಟಗ್ಯಾಗೂ ಕಾಣತಾವ. ಬ್ಯಾಸಗ್ಯಾಗ ಊಟಾ ಮಾಡಿ ಅಂಗಳಕ್ಕ ಬಂದು ದಕ್ಷಿಣಕ್ಕ ನೋಡು. ಒಂದು ಮಬ್ಬು ಚುಕ್ಕಿ ಇರತೈತಿ. ನಾವೂ ಅದನ್ನ ಇಲ್ಲಿಂದ ನೋಡತಿರ್ತೀವಿ. ನಾವು ಅಂಚಿನ್ಯಾಗ ಅದೀವಿ ಅಂತ ಗೊತ್ತಾದಾಗ ಭಾಳ ಮಂದಿಗೆ ಕೆಟ್ಟನಿಸಿತಂತ. ನನಗ ಹಂಗ ಅನಿಸಲಿಲ್ಲವ್ವಾ, ಯಾಕಂದ್ರ—"

"ಪಕ್ಕೀರಪ್ಪಾ, ನೀರು ತೀರ್ಯಾವ," ಎಂದು ಒಳಕಲ್ಲಿನ ಕಡೆಯಿಂದ ಮುದುಕಮ್ಮ ಕರೆದಳು.

ಮಾಸ್ತರರು ಬಗ್ಗಿ ಖಾಲಿ ಕೊಡ ಎತ್ತಿಕೊಂಡರು. ಟವೆಲನ್ನು ಹೆಗಲಿಗೆ ಎಸೆದು, ಚಿಂದಿ ಕಟ್ಟಿದ ಗೂಟಗಳ ನಡುವೆ ಹಳ್ಳದ ಕಡೆಗೆ ಹೆಜ್ಜೆ ಹಾಕುತ್ತಲೇ, ಹಿಂದೆ ತಿರುಗದೆ, "ಯಾಕಂದ್ರ ಅಂಚಿನ್ಯಾಗ ನಿಂತಾವಗ ಒಂದು ಏನೈತಿ ಅಂದ್ರ, ಹಳೇವು ಎಲ್ಲಿ ಕೂಡ್ಯಾವ ಅಂತ ನೋಡಾಕ ಬರತೈತಿ," ಎಂದರು.